ಏಣಿ ಎತ್ತುವ ಮೊದಲು

ಬೇಲೂರು ಸುತ್ತಿನ ತೋಟಗಳಲ್ಲಿ ಮೆಣಸು ಕೊಯ್ಲು ಶುರುವಾದಾಗ ನನಗೆ ಭಯ ಹುಟ್ಟಿಸುವುದು ಅಲ್ಯೂಮಿನಿಯಂ ಏಣಿ. ಹಗುರ, ಹೊರುವುದು ಸುಲಭ, ನಿಜ. ಆದರೆ ಒಂದು ಸಿಲ್ವರ್ ಓಕ್‌ನಿಂದ ಇನ್ನೊಂದಕ್ಕೆ ನಿಲ್ಲಿಸಿಕೊಂಡೇ ಸಾಗಿಸುವಾಗ ಅದರ ತುದಿ ಎಲೆಮರೆಯ ಕರೆಂಟ್ ತಂತಿಗೆ ತಾಗಿದರೆ ಮುಗಿಯಿತು. ಹಾಸನ, ಕೊಡಗು, ಚಿಕ್ಕಮಗಳೂರಿನಲ್ಲಿ ಹೀಗೆ ಜೀವ ಕಳೆದುಕೊಂಡವರು ಒಬ್ಬಿಬ್ಬರಲ್ಲ. ಮಾಲೀಕರೇ, ಫೈಬರ್ ಏಣಿ ಕೊಳ್ಳಿ. ತಂತಿ ಹಾದುಹೋದ ಸಾಲನ್ನು ಕೆಲಸಕ್ಕೆ ಮೊದಲೇ ಜೊತೆಗೆ ನಡೆದು ತೋರಿಸಿ; ಅಲ್ಲಿ ಕೊಯ್ಯುವ ದಿನ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ.

ಅರಸೀಕೆರೆ ಕಡೆ ತೆಂಗಿನಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮಾಡಿಸಿ. ಹಳೇಬೀಡಿನಲ್ಲಿ ಕಲ್ಲು ಕೆತ್ತುವವರಿಗೆ ಕನ್ನಡಕ, ಮಾಸ್ಕ್ ಕೊಡಿ.

ಇಷ್ಟಾಗಿಯೂ ಪೆಟ್ಟಾದರೆ, "ದಿನಗೂಲಿ ಆಳಿಗೆ ಎಲ್ಲಿಯ ಪರಿಹಾರ" ಎನ್ನುವವರನ್ನು ನಂಬಬೇಡಿ. ಕೆಲಸದಲ್ಲಾದ ಗಾಯಕ್ಕೆ ಮಾಲೀಕ ಹೊಣೆ ಎಂಬ ಕಾನೂನು 1923ರಲ್ಲೇ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದಿದೆ. ಹಕ್ಕು ಬಿಟ್ಟುಕೊಟ್ಟೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಅಲ್ಲಿ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ 'ಮನೆಯಲ್ಲಿ ಬಿದ್ದದ್ದು' ಎಂದು ಮಾತ್ರ ಬರೆಸಬೇಡಿ. ಎಲ್ಲಿ, ಯಾವ ಕೆಲಸ ಮಾಡುವಾಗ ಆಯಿತೆಂದು ಸ್ಪಷ್ಟವಾಗಿ ಹೇಳಿ. ಕೂಲಿ ಫೋನ್‌ಪೇಯಲ್ಲಿ ಬಂದಿದ್ದರೆ ಆ ದಾಖಲೆಯನ್ನೂ ಜೋಪಾನ ಮಾಡಿ.