ಈ ಸಲ ಓಟವನ್ನು ವ್ರತದಂತೆ ಹಿಡಿಯಿರಿ

ಜನವರಿಯ ಮೊದಲ ವಾರ ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೊಸ ಶೂ ತೊಟ್ಟವರು ಒಮ್ಮೆಲೇ ಹೆಚ್ಚುತ್ತಾರೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಮತ್ತೆ ಹಳೆಯ ಮುಖಗಳೇ. ಅದೇ ಊರುಗಳಲ್ಲಿ, ಅದೇ ಚಳಿಯಲ್ಲಿ, ಧನುರ್ಮಾಸದ ಪೂಜೆ ಹಿಡಿದವರು ನಸುಕಿಗೇ ಎದ್ದು ತಿಂಗಳು ಪೂರೈಸಿರುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ತಣ್ಣೀರು ಸ್ನಾನ, ಬರಿಗಾಲು, ಊಟದ ಕಟ್ಟುಪಾಡು ಎಲ್ಲವನ್ನೂ ನಡೆಸಿರುತ್ತಾರೆ. ಇವರೆಲ್ಲ ಹುಟ್ಟು ಹಟವಾದಿಗಳಲ್ಲ. ಓಟವನ್ನು ಎರಡು ವಾರಕ್ಕೆ ಬಿಟ್ಟವರೇ ವ್ರತವನ್ನು ಕೊನೆ ಮುಟ್ಟಿಸಿದ್ದೂ ಉಂಟು. ವ್ರತಕ್ಕೆ ಶುರುವಾಗುವ ದಿನ, ಮುಗಿಯುವ ದಿನ, ಹೊತ್ತು, ಜಾಗ, ಜೊತೆಗಾರರು, ಬಿಡಬೇಕಾದ ಪದಾರ್ಥ ಎಲ್ಲವೂ ಮೊದಲೇ ಗೊತ್ತಾಗಿರುತ್ತವೆ. ಹೊಸ ವರ್ಷದ ತೀರ್ಮಾನಕ್ಕೆ ಇದಾವುದೂ ಇರುವುದಿಲ್ಲ.

ನಾನು ಓಡುತ್ತೇನೆ, ದೇವರನ್ನು ನಂಬುತ್ತೇನೆ. ಬೆಳಗಿನ ಓಟ ಮತ್ತು ಬೆಳಗಿನ ಪ್ರಾರ್ಥನೆ ಒಂದಕ್ಕೊಂದು ಬಲ ಕೊಡುತ್ತವೆ ಎಂಬುದು ನನ್ನ ಅನುಭವ. ಆ ಬಲ ಓದುಗರಿಗೂ ಸಿಗಲಿ ಎಂದು ಈ ಕ್ರಮವನ್ನು ಬರೆಯುತ್ತಿದ್ದೇನೆ. ಬೇರೆ ಧರ್ಮದವರು ತಮ್ಮ ಹಬ್ಬ, ಉಪವಾಸಗಳಿಗೆ ಇದನ್ನು ಹೊಂದಿಸಿಕೊಳ್ಳಬಹುದು.

ಆರಂಭ ಯಾವಾಗ?

ಜನವರಿ 1 ಬೇಡ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾಗುತ್ತದೆ, ಜನವರಿ 14 ಅಥವಾ 15ರ ಸಂಕ್ರಾಂತಿಗೆ ಮುಗಿಯುತ್ತದೆ. ಕಣ್ಣಿಗೆ ಕಾಣುವಷ್ಟು ಹತ್ತಿರದ, ತುದಿ ಇರುವ ಒಂದು ತಿಂಗಳು. "ಇನ್ನು ಮುಂದೆ ದಿನಾ ಓಡುತ್ತೇನೆ" ಎನ್ನುವವರಿಗೆ ಆ ತುದಿಯೇ ಇಲ್ಲ. ಡಿಸೆಂಬರ್ 26-27ರ ಹೊತ್ತಿಗೆ ಶಬರಿಮಲೆಯಲ್ಲಿ ಮಂಡಲ ಪೂಜೆ ನಡೆಯುತ್ತದೆ. ಆಗ ಮಾಲೆ ತೆಗೆಯುವವರಿಗಂತೂ ಬೆಳಿಗ್ಗೆ ಬೇಗ ಏಳುವುದು ಆಗಲೇ ರೂಢಿಯಾಗಿರುತ್ತದೆ. ಅದು ಕೈತಪ್ಪುವ ಮೊದಲು, ಎರಡು ದಿನ ಸುಧಾರಿಸಿಕೊಂಡು ಅವರು ಶುರು ಮಾಡಲಿ.

ವೈಷ್ಣವ ದೇವಾಲಯಗಳಲ್ಲಿ ಈ ತಿಂಗಳಿಡೀ ಹೇಳುವ ಆಂಡಾಳ್ ರಚಿಸಿದ ತಿರುಪ್ಪಾವೈಯಲ್ಲಿ 30 ಪಾಶುರಗಳಿವೆ (ಪದ್ಯಗಳು), ದಿನಕ್ಕೊಂದರಂತೆ. ಎರಡನೆಯದರಲ್ಲೇ ವ್ರತದ ನಿಯಮಗಳು ಬಂದುಬಿಡುತ್ತವೆ: ಹಾಲು ತುಪ್ಪ ಬಿಡುವುದು, ನಸುಕಿಗೆ ಮೀಯುವುದು, ಕಾಡಿಗೆ ಹಚ್ಚದಿರುವುದು, ಹೂ ಮುಡಿಯದಿರುವುದು, ಚಾಡಿ ಹೇಳದಿರುವುದು. 6ರಿಂದ 15ರವರೆಗಿನ ಹತ್ತು ಪಾಶುರಗಳು ಮಲಗಿದ ಗೆಳತಿಯರನ್ನು ಮನೆಮನೆಗೆ ಹೋಗಿ ಎಬ್ಬಿಸುವುದಕ್ಕೇ ಮೀಸಲು. 27ನೆಯದರಲ್ಲಿ ಬಿಟ್ಟಿದ್ದ ಹಾಲೂ ತುಪ್ಪವೂ ಮರಳುತ್ತವೆ, ಮೊಣಕೈವರೆಗೆ ತುಪ್ಪ ಇಳಿಯುವ ಹಾಲನ್ನವಾಗಿ. ದಿನದ ಪಾಲು ಚಿಕ್ಕದು, ನಿಯಮ ಮೊದಲೇ, ಗೆಳತಿಯರು ಜೊತೆಗೆ, ಕೊನೆಗೆ ಹಬ್ಬ. ಓಟ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಯೋಜನೆಯನ್ನು ನಾನು ಕಂಡಿಲ್ಲ.

ಮೊದಲ ಹೆಜ್ಜೆ: ಸಂಕಲ್ಪ

ಮನೆಯಲ್ಲಿ ಯಾವ ಪೂಜೆ ಮಾಡಿಸಿದರೂ ಪುರೋಹಿತರು ಮೊದಲು ಸಂಕಲ್ಪ ಹೇಳಿಸುತ್ತಾರೆ. ಅದರಲ್ಲಿ ಬೇಡಿಕೆ ಬರುವುದು ಕೊನೆಗೆ. ಅದಕ್ಕೆ ಮೊದಲು ನಾವಿರುವ ದ್ವೀಪ, ದೇಶ, ನದಿಯ ದಡ, ನಡೆಯುತ್ತಿರುವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ಮಾಡುವವರ ಗೋತ್ರ ಮತ್ತು ಹೆಸರು ಎಲ್ಲವನ್ನೂ ಒಂದೊಂದಾಗಿ ಹೇಳಬೇಕು. ಎಲ್ಲಿ, ಎಂದು, ಯಾರು ಎಂಬುದು ತೀರ್ಮಾನವಾಗದೆ ಏನು ಎಂಬ ಮಾತೇ ಇಲ್ಲ.

ಓಟಕ್ಕೂ ಹಾಗೇ ಮಾಡಿ. ಒಂದು ಹಾಳೆಯಲ್ಲಿ ಕೈಯಾರೆ ಬರೆಯಿರಿ: ನಾನು, ಇಂಥವರು, ಧನುರ್ಮಾಸದ ಮೊದಲ ದಿನದಿಂದ ಸಂಕ್ರಾಂತಿವರೆಗೆ, ಸೋಮವಾರ, ಬುಧವಾರ, ಶನಿವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ, ಮನೆಯ ಹತ್ತಿರದ ಇಂಥ ಮೈದಾನದಲ್ಲಿ, ಅರ್ಧ ಗಂಟೆ. ಹಾಳೆಯನ್ನು ದೇವರ ಮನೆಯಲ್ಲಿ ಇಡಿ. ತೂಕ ಎಷ್ಟು ಇಳಿಸಬೇಕು, ಎಷ್ಟು ಕಿಲೋಮೀಟರು ಮುಟ್ಟಬೇಕು ಎಂದು ಬರೆಯಬೇಡಿ. ಅವು ನಮ್ಮ ಕೈಯಲ್ಲಿಲ್ಲದ ಫಲ. ಆರೂ ಮುಕ್ಕಾಲಿಗೆ ಮೈದಾನದಲ್ಲಿ ನಿಲ್ಲುವುದು ನಮ್ಮ ಕೈಯಲ್ಲಿದೆ.

ದಿನಗಳನ್ನು ಆರಿಸುವಾಗ ನಿಮ್ಮ ನಂಬಿಕೆ ಕೇಳುವ ದಿನಗಳನ್ನು ಮೊದಲು ಬಿಟ್ಟುಕೊಡಿ: ಏಕಾದಶಿ, ಶುಕ್ರವಾರದ ನಮಾಜು, ಭಾನುವಾರದ ಚರ್ಚು, ಯಾವುದಿದೆಯೋ ಅದು. ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರು ಓಟದಿಂದ ಹಿಂದೆ ಸರಿದರು. ಅದರ ಅರ್ಹತಾ ಸುತ್ತು ಭಾನುವಾರ ಬಿದ್ದಿತ್ತು, ಭಾನುವಾರ ದೇವರ ದಿನ. ಸುತ್ತು ಭಾನುವಾರ ಬೀಳುವುದು ಅವರಿಗೆ ತಿಂಗಳುಗಳ ಮೊದಲೇ ಗೊತ್ತಾಗಿತ್ತು. ಆ ಕಾಲವನ್ನು 400 ಮೀಟರಿನ ಅಭ್ಯಾಸಕ್ಕೆ ಬಳಸಿ, 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಅವರ ನಿಷ್ಠೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು, ಬಿಡಬೇಕಾದ ದಿನವನ್ನು ಮೊದಲೇ ಗುರುತಿಸಿ ಉಳಿದ ದಿನಗಳನ್ನು ಅವರು ದುಡಿಸಿಕೊಂಡ ರೀತಿ.

ಹೊರಡುವ ಮೊದಲು

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದ ಉದಾಹರಣೆ ಇರುವವರು ವೈದ್ಯರನ್ನು ಕಂಡೇ ಶುರು ಮಾಡಬೇಕು. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ, ಎಡ ತೋಳಿಗೋ ದವಡೆಗೋ ನೋವು ಹರಿದರೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಿ. ವ್ರತದ ಹೆಸರಿನಲ್ಲಿ ಅದನ್ನು ನುಂಗಿಕೊಳ್ಳಬಾರದು.

ಶೂ ದುಬಾರಿಯದೇ ಆಗಬೇಕಿಲ್ಲ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು.

ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6:40ರ ಸುಮಾರಿಗೆ. ಕತ್ತಲಲ್ಲಿ ರಸ್ತೆಗಿಳಿಯಬೇಡಿ, ಬೆಳಕು ಹರಿದ ಮೇಲೆ ಸಾಕು. ರಸ್ತೆಯಲ್ಲೇ ಓಡಬೇಕಾದರೆ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ, ತಿಳಿಬಣ್ಣದ ಬಟ್ಟೆ ತೊಡಿ, ಕಿವಿಗೆ ಇಯರ್‌ಫೋನ್ ಬೇಡ. ಬೀದಿನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ, ದಿಟ್ಟಿಸಿ ನೋಡದೆ ಮೆಲ್ಲಗೆ ನಡೆದು ದಾಟಿ.

ಪೂಜೆ ಮತ್ತು ಓಟ ಒಂದೇ ಬೆಳಿಗ್ಗೆ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಧನುರ್ಮಾಸದ ಪೂಜೆ ಸೂರ್ಯೋದಯಕ್ಕೆ ಮೊದಲೇ ಆಗಬೇಕು. ಆದ್ದರಿಂದ ಸ್ನಾನ, ಪೂಜೆ ಮೊದಲು, ಓಟ ಆಮೇಲೆ, ಬಂದು ಮತ್ತೊಮ್ಮೆ ಮೈಗೆ ನೀರು. ದೇವಸ್ಥಾನಕ್ಕೆ ಹೋಗುವವರು ಸ್ಕೂಟರ್ ಬಿಟ್ಟು ನಡೆದೇ ಹೋಗಲಿ, ಕಾಲು ಬಿಸಿಯಾಗುತ್ತದೆ. ಪ್ರಸಾದದ ಹುಗ್ಗಿಯನ್ನು ಡಬ್ಬಿಗೆ ಹಾಕಿಸಿಕೊಂಡು ಓಟ ಮುಗಿಸಿ ತಿನ್ನಿ. ತುಪ್ಪ, ಮೆಣಸು ಬಿದ್ದ ಹುಗ್ಗಿ ತಿಂದು ಓಡಿದರೆ ಹೊಟ್ಟೆ ತೊಳಸುತ್ತದೆ. ಓಟದ ನಂತರ ಮಾತ್ರ ಅದು ಬಹಳ ಒಳ್ಳೆಯ ಆಹಾರ. ಅಕ್ಕಿ ಖರ್ಚಾದ ಶಕ್ತಿಯನ್ನು ತುಂಬುತ್ತದೆ, ಹೆಸರುಬೇಳೆ ದಣಿದ ಸ್ನಾಯುಗಳಿಗೆ ಬೇಕಾದ ಪ್ರೋಟೀನು ಕೊಡುತ್ತದೆ.

ನಾಲ್ಕು ವಾರದ ಲೆಕ್ಕ

ವಾರಕ್ಕೆ ಮೂರು ದಿನ, ನಡುವೆ ಒಂದಾದರೂ ದಿನ ಬಿಡುವು. ಪ್ರತಿಸಲವೂ ಐದು ನಿಮಿಷ ಚುರುಕಾಗಿ ನಡೆದು ಶುರುಮಾಡಿ, ಐದು ನಿಮಿಷ ನಿಧಾನವಾಗಿ ನಡೆದು ಮುಗಿಸಿ. ನಡುವಿನ ಇಪ್ಪತ್ತು ನಿಮಿಷ ಹೀಗೆ ಮತ್ತೆ ಮತ್ತೆ ಸರದಿಯಲ್ಲಿ ಸಾಗಲಿ.

ಮೊದಲ ವಾರ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ.
ಎರಡನೆಯ ವಾರ: ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ.
ಮೂರನೆಯ ವಾರ: ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ.
ನಾಲ್ಕನೆಯ ವಾರ: ಐದು ನಿಮಿಷ ಓಟ, ಎರಡು ನಿಮಿಷ ನಡಿಗೆ.

ಯಾವುದಾದರೂ ವಾರ ಭಾರವೆನಿಸಿದರೆ ಅದನ್ನೇ ಇನ್ನೊಂದು ವಾರ ಮಾಡಿ. ಓಟ ಎಂದ ಕೂಡಲೇ ಏದುಸಿರು ಬರುವಂತೆ ಧಾವಿಸಬೇಡಿ. ವೇಗ ಸರಿಯಿದೆಯೇ ಎಂದು ತಿಳಿಯಲು ಗಡಿಯಾರ ಬೇಕಿಲ್ಲ, ನಿಮ್ಮ ಇಷ್ಟದೇವರ ನಾಮವನ್ನೋ ಬಾಯಿಪಾಠವಾದ ಪ್ರಾರ್ಥನೆಯನ್ನೋ ಗಟ್ಟಿಯಾಗಿ ಹೇಳಿ ನೋಡಿ. ಒಂದು ಸಾಲು ಉಸಿರು ತುಂಡಾಗದೆ ಮುಗಿದರೆ ವೇಗ ಸರಿ. ನಡುವೆ ಕಡಿದರೆ ನಿಧಾನ ಮಾಡಿ.

ಈ ನಿಧಾನಕ್ಕೆ ಕಾರಣವಿದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಮೂರನೆಯ ವಾರಕ್ಕೆ ಉಸಿರು ಹಗುರಾಗುತ್ತದೆ, ಉತ್ಸಾಹ ಉಕ್ಕುತ್ತದೆ, ಜನ ವೇಗ ಹೆಚ್ಚಿಸುತ್ತಾರೆ. ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯ ನೋವು ಶುರುವಾಗುವುದು ಬಹುಪಾಲು ಆಗಲೇ. ಅದು ಬಂದರೆ ಓಟ ನಿಲ್ಲಿಸಿ, ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಡೆಯಿರಿ. ಮೂಳೆಯ ಒಂದೇ ಜಾಗ ಮುಟ್ಟಿದರೆ ನೋಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಇದ್ದವರು ಈ ತಿಂಗಳು ಅದನ್ನು ಓಟದ ಜೊತೆ ಸೇರಿಸಬೇಡಿ. ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಸಣ್ಣದಲ್ಲ.

ಬಿಡಬೇಕಾದದ್ದು, ಜೊತೆಗಿರಬೇಕಾದವರು

ವ್ರತಕ್ಕೆ ತಕ್ಕಂತೆ ಒಂದೇ ಒಂದನ್ನು ಬಿಡಿ, ಓಟಕ್ಕೆ ನೇರವಾಗಿ ಅಡ್ಡ ಬರುವಂಥದ್ದನ್ನು. ಬಹುತೇಕ ಮನೆಗಳಲ್ಲಿ ಅದು ರಾತ್ರಿಯ ಮೊಬೈಲು. ಹತ್ತು ಗಂಟೆಗೆ ಅದನ್ನು ಹಾಸಿಗೆಯಿಂದ ದೂರ, ಬೇರೆ ಕೋಣೆಯಲ್ಲಿಡಿ. ಐದು ಗಂಟೆಗೆ ಏಳುವುದು ಹಿಂದಿನ ರಾತ್ರಿಯೇ ತೀರ್ಮಾನವಾಗಿರುತ್ತದೆ.

ಜೊತೆಗೆ ಒಬ್ಬರಾದರೂ ಬೇಕು. ಆಂಡಾಳ್ ಮೂವತ್ತರಲ್ಲಿ ಹತ್ತು ಪಾಶುರಗಳನ್ನು ಎಬ್ಬಿಸುವ ಕೆಲಸಕ್ಕೆ ಕೊಟ್ಟದ್ದು ಸುಮ್ಮನಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತುವವರಿಗಿಂತ ಗೇಟಿನ ಹತ್ತಿರ ನಿಂತು ಕಾಯುವ ಪಕ್ಕದ ಮನೆಯವರೊಬ್ಬರು ಮೇಲು. ಹೆಣ್ಣುಮಕ್ಕಳಿಗಂತೂ ಜೊತೆ ಇದ್ದರೆ ಮನೆಯವರ ಆತಂಕವೂ ಇಳಿಯುತ್ತದೆ, ಓಡುವವರ ಮನಸ್ಸೂ ನಿರಾಳವಾಗಿರುತ್ತದೆ.

ಓಡುವಾಗ ಮನಸ್ಸಿಗೇನು ಕೆಲಸ?

ಮೊದಲ ವಾರ ಮನಸ್ಸು ಕಾಲನ್ನೇ ದೂರುತ್ತದೆ. ಆಮೇಲೆ ಆಫೀಸು, ಸಾಲ, ಮಕ್ಕಳ ಪರೀಕ್ಷೆ ಎಲ್ಲ ಬರುತ್ತವೆ. ಬರಲಿ. ಓಟದ ಭಾಗದಲ್ಲಿ ನಾಮಜಪ, ನಡಿಗೆಯ ಭಾಗದಲ್ಲಿ ಒಬ್ಬೊಬ್ಬರನ್ನೇ ನೆನೆದು ಅವರಿಗಾಗಿ ಪ್ರಾರ್ಥನೆ, ಹೀಗೆ ಹಂಚಿಕೊಳ್ಳಿ. ಕಾಯಿಲೆ ಬಿದ್ದವರು, ದೂರವಾದವರು, ವರ್ಷದಲ್ಲಿ ತೀರಿಕೊಂಡವರು. ವರ್ಷದ ಕೊನೆಗೆ ಅಂಥ ಹೆಸರುಗಳು ಎಲ್ಲರಲ್ಲೂ ಇರುತ್ತವೆ. ಕುಳಿತು ಪ್ರಾರ್ಥಿಸುವಾಗ ಬಾರದ ಅಳು ನನಗೆ ಕೆಲವೊಮ್ಮೆ ಓಡುವಾಗ ಬಂದಿದೆ, ಅದು ಒಳ್ಳೆಯದೇ ಆಗಿದೆ.

ಮ್ಯಾರಥಾನ್ ಓಟಗಾರ ಫೌಜಾ ಸಿಂಗ್ ಓಟವನ್ನು ಗಂಭೀರವಾಗಿ ಹಿಡಿದದ್ದು ಎಂಬತ್ತು ದಾಟಿದ ಮೇಲೆ, ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ದುಃಖದಲ್ಲಿ. 2000ರಲ್ಲಿ, 89ನೆಯ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿದರು. 2011ರಲ್ಲಿ, ನೂರು ತುಂಬಿದಾಗ, ಟೊರಾಂಟೊದಲ್ಲಿ 42.195 ಕಿಲೋಮೀಟರನ್ನು ಮುಗಿಸಿದರು. ಮೊದಲ ಇಪ್ಪತ್ತು ಮೈಲಿ ಕಷ್ಟವಲ್ಲ, ಕೊನೆಯ ಆರು ಮೈಲಿ ದೇವರ ಜೊತೆ ಮಾತಾಡುತ್ತ ಓಡುತ್ತೇನೆ ಎನ್ನುತ್ತಿದ್ದರು ಅವರು.

ಉಪವಾಸದ ದಿನ, ತಪ್ಪಿದ ದಿನ

ವೈಕುಂಠ ಏಕಾದಶಿ ಈ ತಿಂಗಳಲ್ಲೇ ಬರುತ್ತದೆ. ನಿರಾಹಾರ ಇರುವವರು ಅಂದು ಓಡಬೇಡಿ, ದೇವಸ್ಥಾನದ ಸಾಲಿನಲ್ಲಿ ನಿಲ್ಲುವುದೇ ಸಾಕಷ್ಟು. ಮರುದಿನ ಪಾರಣೆಯಾದ ಬಳಿಕ ನಡಿಗೆ ಮಾತ್ರ. ರಂಜಾನಿನಲ್ಲಿ ಓಡುವವರು ಇಫ್ತಾರಿಗೆ ಅರ್ಧ ಗಂಟೆ ಮೊದಲು ಹಗುರವಾಗಿ, ಇಲ್ಲವೇ ಇಫ್ತಾರ್ ಮುಗಿದು ಒಂದೆರಡು ಗಂಟೆಯ ಮೇಲೆ ಓಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಮತ್ತು ಓಟ ಎರಡನ್ನೂ ವೈದ್ಯರ ಮಾತಿನಂತೆಯೇ ನಡೆಸಬೇಕು.

ಜ್ವರ, ಸೂತಕ, ಪ್ರಯಾಣ ಬಂದರೆ ವ್ರತಕ್ಕೂ ವಿನಾಯಿತಿ ಇದೆ. ಓಟಕ್ಕೂ ಇರಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುವಂತಿತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಎಂಬುದೂ ಅದರಲ್ಲೇ ಇದೆ. ಆದ್ದರಿಂದ ತಪ್ಪಿದ ದಿನದ ಓಟವನ್ನು ಮರುದಿನಕ್ಕೆ ಕೂಡಿಸಿ ಎರಡರಷ್ಟು ಓಡಬೇಡಿ. ಮುಂದಿನ ಪಾಳಿಯ ದಿನ, ಬರೆದಿಟ್ಟ ಹೊತ್ತಿಗೆ, ಬರೆದಿಟ್ಟ ಜಾಗಕ್ಕೆ ಹೋಗಿ.

ಮಂಗಳ ಮತ್ತು ಮುಂದಿನ ಸಂಕಲ್ಪ

ಸಂಕ್ರಾಂತಿಯ ದಿನ ಜೊತೆಗಾರರೊಂದಿಗೆ ಕೊನೆಯ ಸುತ್ತು ಮುಗಿಸಿ ಎಳ್ಳು ಬೆಲ್ಲ ಹಂಚಿಕೊಳ್ಳಿ, ಮನೆಯಲ್ಲಿ ಸಿಹಿ ಪೊಂಗಲ್ ಮಾಡಿ ಉಣ್ಣಿ. ದೇವರ ಮನೆಯ ಹಾಳೆಯನ್ನು ತೆಗೆಯಿರಿ. ಮೂರು ದಿನ ಪೂರ್ತಿ ವಿಶ್ರಾಂತಿ.

ಆಮೇಲೆ ಎರಡನೆಯ ಹಾಳೆ, ಈ ಸಲ ಶಿವರಾತ್ರಿಯವರೆಗೆ. ಧನುರ್ಮಾಸದ ಮೊದಲ ದಿನದಿಂದ 66 ದಿನ ಎಣಿಸಿದರೆ ಫೆಬ್ರವರಿ ಮೂರನೆಯ ವಾರಕ್ಕೆ ಬರುತ್ತದೆ, ಅದು ಹೆಚ್ಚುಕಡಿಮೆ ಶಿವರಾತ್ರಿಯ ಆಸುಪಾಸು. ಅದೇ ಮೂರು ದಿನ, ಅದೇ ಹೊತ್ತು. ಓಟದ ತುಂಡನ್ನು ಎಂಟು ನಿಮಿಷಕ್ಕೆ, ಮುಂದೆ ಹತ್ತಕ್ಕೆ, ಹದಿನೈದಕ್ಕೆ ಹಿಗ್ಗಿಸುತ್ತ, ನಡಿಗೆಯನ್ನು ಒಂದು ನಿಮಿಷಕ್ಕೆ ಇಳಿಸುತ್ತ ಬನ್ನಿ. ಧರ್ಮಸ್ಥಳಕ್ಕೆ ಶಿವರಾತ್ರಿಯ ಪಾದಯಾತ್ರೆ ಹೊರಡುವವರು ಕೊನೆಯ ಎರಡು ವಾರ ಓಟ ಕಡಿಮೆ ಮಾಡಿ, ಯಾತ್ರೆಗೆ ತೊಡುವ ಚಪ್ಪಲಿ ಅಥವಾ ಶೂವನ್ನೇ ಹಾಕಿಕೊಂಡು ದೂರದ ನಡಿಗೆ ಮಾಡಿ, ಕಾಲಿಗೆ ಬೊಬ್ಬೆ ಬರುವುದು ತಪ್ಪುತ್ತದೆ. ನಿಲ್ಲದೆ ಇಪ್ಪತ್ತು ನಿಮಿಷ ಓಡಲು ಬಂದವರು ಯುಗಾದಿಯ ಹೊತ್ತಿಗೆ ಐದು ಕಿಲೋಮೀಟರಿನ ಓಟವೊಂದಕ್ಕೆ ಹೆಸರು ಕೊಡಬಹುದು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಬೇಸಿಗೆಯಲ್ಲಿ ಬರುತ್ತದೆ. ಹತ್ತು ಕಿಲೋಮೀಟರಿನ ಆಸೆ ಇದ್ದರೆ ಅದನ್ನು ಮೂರನೆಯ ಹಾಳೆಗೆ ಇಟ್ಟುಕೊಳ್ಳಿ.