ವಿಕ್ಟೋರಿಯಾ ರೂಪಾಯಿಯ ಸಾಚಾತನ

ಪ್ರಶ್ನೆ: ಚೋರ್ ಬಜಾರಿನಲ್ಲಿ ಕೊಂಡ 1862ರ ಐದು ಬೆಳ್ಳಿ ರೂಪಾಯಿಗಳು ಅಸಲಿಯೇ? ಇನ್ನಷ್ಟು ಕೊಳ್ಳಬಹುದೇ? (ಓದುಗರು, ಮಾಟುಂಗಾ)

ವಿಕ್ಟೋರಿಯಾಳ ನಾಣ್ಯಗಳಲ್ಲಿ ‘ಎಂಪ್ರೆಸ್’ ಎಂಬ ಬಿರುದು 1877ರಿಂದೀಚೆಗಷ್ಟೇ ಕಾಣಿಸಿಕೊಂಡುದರಿಂದ, 1862ರ ಇಸವಿಯೊಡನೆ ಆ ಬಿರುದಿದ್ದಲ್ಲಿ ನಾಣ್ಯವು ನಿಸ್ಸಂದೇಹವಾಗಿ ಕೃತಕವಾದುದು. ‘ಕ್ವೀನ್’ ಎಂದಿದ್ದರೆ ತೂಗಿರಿ: ಟಂಕಸಾಲೆಯ ಪ್ರಮಾಣ 11.66 ಗ್ರಾಂ, ಸವೆತದಿಂದ ತುಸು ಇಳಿದಿರಬಹುದು. ಬಳಿಕ ಐದನ್ನೂ ಭೂತಗನ್ನಡಿಯ ಕೆಳಗೆ ಸಾಲಾಗಿಟ್ಟು, ಒಂದೇ ಗಾಯದ ಗುರುತು ಒಂದೇ ಸ್ಥಳದಲ್ಲಿ ಎಲ್ಲದರ ಮೇಲೂ ಮೂಡಿದೆಯೇ, ಅಂಚಿನಲ್ಲಿ ಎರಕದ ಜೋಡಣೆಯ ಗೆರೆಯಿದೆಯೇ ಎಂದು ಸಾವಧಾನವಾಗಿ ಪರಿಶೀಲಿಸಿರಿ; ಇವೆರಡೂ ನಕಲಿಯ ಲಕ್ಷಣಗಳು. ಆಯಸ್ಕಾಂತವನ್ನು ನೆಚ್ಚಬೇಡಿರಿ, ಬೆಳ್ಳಿಯಂತೆ ತಾಮ್ರವೂ ಅದಕ್ಕೆ ಅಂಟದು. ಜವೇರಿ ಬಜಾರಿನ ಲೋಹಪರೀಕ್ಷಕರಲ್ಲಿ ಎಕ್ಸ್-ರೇ ಪರೀಕ್ಷೆ ಮಾಡಿಸಿರಿ; ಶೇಕಡ 91.7ರಷ್ಟು ಬೆಳ್ಳಿ ಇರತಕ್ಕದ್ದು. ಬೆಳ್ಳಿಯಲ್ಲಿಯೇ ನಕಲು ಮಾಡುವವರೂ ಇರುವುದರಿಂದ ಅಂತಿಮ ನಿರ್ಣಯಕ್ಕೆ ನಾಣ್ಯತಜ್ಞರನ್ನು ಕಾಣಿರಿ. ಅದುವರೆಗೆ ನಾಣ್ಯಗಳನ್ನು ಉಜ್ಜಬೇಡಿರಿ, ಹೊಸತನ್ನು ಕೊಳ್ಳಬೇಡಿರಿ.