ಊರು ಬದಲಾದಾಗ ಪಾಠದ ಅಳತೆ

೧೬೭೨ರಲ್ಲಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಝಾನ್ ರಿಶೇ ದಕ್ಷಿಣ ಅಮೆರಿಕೆಯ ಕಾಯೆನ್ ಪಟ್ಟಣಕ್ಕೆ ಹೋದನು. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರವು ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ಮಿನಿಟು ಹಿಂದೆ ಬೀಳತೊಡಗಿತು. ಭೂಮಧ್ಯರೇಖೆಗೆ ಸಮೀಪವಾದ ಆ ಸ್ಥಳದಲ್ಲಿ ಗುರುತ್ವಾಕರ್ಷಣೆ ತುಸು ಕಡಿಮೆ. ಲೋಲಕವನ್ನು ಕೊಂಚ ಗಿಡ್ಡ ಮಾಡಿದ ಮೇಲೆ ಗಡಿಯಾರ ಸರಿಹೋಯಿತು. ನಿಯಮವು ಎರಡು ಊರುಗಳಲ್ಲಿಯೂ ಒಂದೇ. ಅಳತೆ ಮಾತ್ರ ಬೇರೆ. ಮಕ್ಕಳಿಗೆ ಸಾಮಾಜಿಕ ಕುಶಲತೆಗಳನ್ನು ಕಲಿಸುವ ಪಾಠಗಳನ್ನು ಒಂದು ನಾಡಿನಿಂದ ಇನ್ನೊಂದಕ್ಕೆ ತರುವಾಗಲೂ ಈ ವಿವೇಕ ಅವಶ್ಯಕ.

ಸಾಮಾಜಿಕ ಕುಶಲತೆಗಳೆಂದರೆ ಯಾವುವು? ವಿಶ್ವ ಆರೋಗ್ಯ ಸಂಸ್ಥೆಯು ೧೯೯೩ರಲ್ಲಿ ಶಾಲೆಗಳಿಗಾಗಿ ಹತ್ತು ಜೀವನ ಕೌಶಲಗಳನ್ನು ಪಟ್ಟಿಮಾಡಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ತಿಳಿಯುವುದು, ವಿಚಾರವನ್ನು ಸ್ಪಷ್ಟವಾಗಿ ಹೇಳುವುದು, ಭಾವೋದ್ವೇಗವನ್ನು ಹಿಡಿತದಲ್ಲಿಡುವುದು ಮೊದಲಾದವು ಅದರಲ್ಲಿವೆ. ಇವು ಯಾವ ನಾಡಿನ ಮಗುವಿಗೂ ಬೇಕಾದುವೇ. ಆದರೆ ಇವು ತೋರುವ ಬಗೆ ಎಲ್ಲೆಡೆಯೂ ಒಂದೇ ಅಲ್ಲ.

ಪಾಶ್ಚಾತ್ಯ ಪಾಠಗಳು ಎದುರಿನವರ ಕಣ್ಣನ್ನು ನೋಡಿ ಮಾತನಾಡುವಂತೆಯೂ ಬೇಡವಾದುದನ್ನು ನೇರವಾಗಿ 'ಬೇಡ' ಎನ್ನುವಂತೆಯೂ ಹೇಳುವುದುಂಟು. ಕೊಪ್ಪದ ಬಾಳಗಡಿಯಂತಹ ಊರಿನಲ್ಲಿ ಹಿರಿಯರೆದುರು ದೃಷ್ಟಿ ತಗ್ಗಿಸಿದ ಹುಡುಗನನ್ನು ಪುಕ್ಕಲನೆಂದು ಯಾರೂ ಬಗೆಯರು, ಅದು ಮರ್ಯಾದೆ. ನೆಂಟರ ಮನೆಯಲ್ಲಿ ಕಾಫಿ ಬೇಡವಾದರೆ, "ಈಗಷ್ಟೇ ಕುಡಿದು ಬಂದೆ, ಅತ್ತೆ" ಎಂದರೆ ಸಾಕು. ಇದೂ ನಿರಾಕರಣೆಯೇ. ಕಣ್ಣನ್ನು ನೋಡಿದ್ದಕ್ಕೆ ಮಾತ್ರ ಅಂಕ ಕೊಡುವ ಪರೀಕ್ಷೆಯಲ್ಲಿ ಈ ಜಾಣ ಮಗು ಹಿಂದುಳಿದಂತೆ ಕಾಣುವುದು!

ಹಾಗಾದರೆ ಎಷ್ಟನ್ನು ಬದಲಿಸಬಹುದು? ಹೆಸರು, ಊಟ, ಹಬ್ಬ, ಆಟಗಳನ್ನು ಬದಲಿಸುವುದು ಹೊರಮೈಯ ಹೊಂದಾಣಿಕೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಮಗು ಯಾರನ್ನು ನಂಬುತ್ತದೆ ಎಂಬುದನ್ನರಿತು ಪಾಠವನ್ನು ಕಟ್ಟುವುದು ಒಳಗಿನ ಹೊಂದಾಣಿಕೆ, ಕಠಿಣವಾದುದು ಇದೇ. ಇದಕ್ಕೊಂದು ಎಲ್ಲೆಯೂ ಉಂಟು. ಅಪರಿಚಿತರನ್ನೂ 'ಮಾವ' ಎಂದು ಕರೆಯುವ ನಾಡಿನಲ್ಲಿ ಆ 'ಮಾವ'ನೇ ಕೇಡೆಣಿಸಿದರೆ ಗಟ್ಟಿಯಾಗಿ ಕೂಗಿಕೊಂಡು, ನಂಬಿಕೆಯವರಿಗೆ ತಿಳಿಸುವುದನ್ನು ಮಗು ಕಲಿತಿರಲೇಬೇಕು. ಸಂಪ್ರದಾಯದ ಹೆಸರಿನಲ್ಲಿ ಈ ಭಾಗವನ್ನೇ ತೆಗೆದುಹಾಕಿದರೆ, ಅದು ಲೋಲಕವನ್ನು ಸರಿಪಡಿಸಿದಂತಲ್ಲ, ಗಡಿಯಾರವನ್ನೇ ನಿಲ್ಲಿಸಿದಂತೆ.

ನಮ್ಮ ರಾಜ್ಯದಲ್ಲಿಯೇ ಇಂತಹ ಪ್ರಯತ್ನ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರು ಪ್ರೌಢಶಾಲೆಗಳಿಗಾಗಿ ಪಾಠಕ್ರಮವೊಂದನ್ನು ರೂಪಿಸಿ, ಅದನ್ನು ನಡೆಸುವ ಹೊಣೆಯನ್ನು ಶಾಲೆಯ ಉಪಾಧ್ಯಾಯರಿಗೇ ಒಪ್ಪಿಸಿದರು. ೨೦೧೦ರಲ್ಲಿ ಪ್ರಕಟವಾದ ವರದಿಯಲ್ಲಿ, ಪಾಠ ಪಡೆದ ೬೦೫ ವಿದ್ಯಾರ್ಥಿಗಳನ್ನು ಪಡೆಯದ ೪೨೩ ಮಂದಿಯೊಡನೆ ಹೋಲಿಸಲಾಗಿದೆ. ಪಾಠ ಪಡೆದವರಲ್ಲಿ ಆತ್ಮಗೌರವವೂ ಉಪಾಧ್ಯಾಯರೊಡನೆ ಹೊಂದಾಣಿಕೆಯೂ ಹೆಚ್ಚಾಗಿದ್ದುವು. ಆದರೆ ಮನೆಯವರೊಡನೆ ಮತ್ತು ಓರಗೆಯವರೊಡನೆ ಇರುವ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಪಾಠವು ಮನೆಯ ಹೊಸ್ತಿಲನ್ನು ದಾಟುವುದು ಸುಲಭವಲ್ಲವೆಂಬುದಕ್ಕೆ ಇದು ಸೂಚನೆ.

ವಿದ್ಯಾರ್ಥಿಗಳು ಒಂದು ಅಭ್ಯಾಸವನ್ನು ಮಾಡಿ ನೋಡಬಹುದು. ಒಂದು ವಾರ ನಿಮ್ಮ ಮನೆಯಲ್ಲಿ 'ಬೇಡ' ಎಂಬುದನ್ನು ಯಾರು, ಯಾರಿಗೆ, ಯಾವ ಮಾತಿನಲ್ಲಿ ಹೇಳುತ್ತಾರೆಂದು ಬರೆದಿಡಿ. ಬಳಿಕ ಹೇಳಿದ ಮಾತನ್ನೂ ಅದರ ಉದ್ದೇಶವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಗುರುತಿಸಿರಿ. ಮಾತುಗಳು ಹಲವು, ಉದ್ದೇಶಗಳು ಕೆಲವೇ ಎಂಬುದು ಕಂಡುಬಂದರೆ, ಪಾಠವನ್ನು ಹೊಂದಿಸುವವರ ಕೆಲಸ ಎಲ್ಲಿ ಮೊದಲಾಗುತ್ತದೆಂಬುದು ನಿಮಗೆ ತಿಳಿಯುವುದು.